ಎತ್ತಿದ ಬೆರಳು

ಕನ್ನಡ ಅಧ್ಯಾಪಕನಿಗೆ ಬಾರದ ವಿದ್ಯೆಯಿಲ್ಲವೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಲಗ್ನಪತ್ರಿಕೆಯ ಒಕ್ಕಣೆ ತಿದ್ದುವವನು ಅವನೇ. ನಿವೃತ್ತರಾದವರಿಗೆ ಬಿನ್ನವತ್ತಳೆ ಬರೆಯುವವನು ಅವನೇ. ಗಣಪತಿಯ ಮಂಟಪದಲ್ಲಿ ಭಾಷಣಸ್ಪರ್ಧೆಗೆ ನಿರ್ಣಾಯಕನಾಗಿ ಕೂಡುವವನೂ ಅವನೇ. ಸಂಬಳ ಮಾತ್ರ ಒಂದೇ. ಈ ಕೊನೆಯ ಕೆಲಸ, ಅಂದರೆ ನಿರ್ಣಾಯಕನ ಕೆಲಸ, ನನ್ನ ಪಾಲಿಗೆ ತುಸು ಹೆಚ್ಚಾಗಿಯೇ ಬಂದಿತು. ಭಾಷಣ, ಭಾವಗೀತೆ, ರಂಗೋಲಿ, ಒಮ್ಮೆ ರೊಟ್ಟಿ ಬಡಿಯುವ ಸ್ಪರ್ಧೆಗೂ ಅಂಕ ಕೊಟ್ಟಿದ್ದೇನೆ. ಆ ರೊಟ್ಟಿಯಲ್ಲಿ ಸೋತವರೊಬ್ಬರು ಇಂದಿಗೂ ನನ್ನ ಹೆಂಡತಿಯೊಡನೆ ಮಾತು ಬಿಟ್ಟಿದ್ದಾರೆ.

ಹನ್ನೆರಡು ವರ್ಷದ ಹಿಂದೆ, ನಾನು ಹಾವೇರಿಯ ಒಂದು ಕಾಲೇಜಿನಲ್ಲಿದ್ದಾಗ, ರಾಣೆಬೆನ್ನೂರಿನಲ್ಲಿ ನಾಲ್ಕಾರು ಕಾಲೇಜುಗಳ ಕ್ರಿಕೆಟ್ ಪಂದ್ಯಗಳು ನಡೆದುವು. ಎರಡೂ ಪಕ್ಷದಿಂದ ಒಬ್ಬೊಬ್ಬ ಅಂಪೈರು ಬರಬೇಕೆಂಬುದು ಒಪ್ಪಂದ. ನಮ್ಮ ದೈಹಿಕ ಶಿಕ್ಷಣದ ಗುರುಗಳಿಗೆ ಆ ವಾರವೇ ಕಾಮಾಲೆ. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ಭಾಷಣಕ್ಕ ನಿರ್ಣಾಯಕರಾಗ್ತೀರಿ, ರಂಗೋಲಿಗೆ ಆಗ್ತೀರಿ. ಕ್ರಿಕೆಟ್ಟಿಗೆ ಆಗಾಕ ಏನ್ ಅಡ್ಡಿ?"

ಅಡ್ಡಿ ಏನೆಂದು ಹೇಳಲು ಬಾಯಿ ತೆರೆದೆ. ಆದರೆ ಚಿಕ್ಕಂದಿನಲ್ಲಿ ಚಿಣಿಪಣಿ ಆಡಿದವನಿಗೆ, ದಿನಪತ್ರಿಕೆಯ ಕೊನೆಯ ಪುಟವನ್ನು ತಪ್ಪದೆ ಓದುವವನಿಗೆ, ರೇಡಿಯೊದಲ್ಲಿ ವೀಕ್ಷಕ ವಿವರಣೆ ಕೇಳಿ ಬೆಳೆದವನಿಗೆ ಕ್ರಿಕೆಟ್ ತಿಳಿಯದು ಎಂದು ಒಪ್ಪಿಕೊಳ್ಳುವುದು ಕಷ್ಟ. ನಮ್ಮ ದೇಶದಲ್ಲಿ ರಾಜಕಾರಣ ಮತ್ತು ಕ್ರಿಕೆಟ್ ಎರಡನ್ನೂ ತಿಳಿಯದೆನ್ನುವ ಗಂಡಸು ನನಗಿನ್ನೂ ಸಿಕ್ಕಿಲ್ಲ. ಸುಮ್ಮನೆ ತಲೆಯಾಡಿಸಿ ಬಂದೆ.

ಮುಂಜಾನೆಯ ಬಸ್ಸಿನಲ್ಲಿ ಹೊರಟೆವು. ಮೋಟೆಬೆನ್ನೂರಿನ ಕ್ರಾಸಿನಲ್ಲಿ ನಮ್ಮ ತಂಡದ ಮುಖ್ಯ ದಾಂಡಿಗ ಹತ್ತಿದ. ಬ್ಯಾಡಗಿಯ ಹುಡುಗ, ಬಿ.ಎ. ಎರಡನೆಯ ವರ್ಷ, ನನ್ನದೇ ವಿದ್ಯಾರ್ಥಿ. ಸಂಧಿ-ಸಮಾಸಗಳಲ್ಲಿ ಅವನ ಪ್ರಗತಿ ಅಷ್ಟಕ್ಕಷ್ಟೆ. ಆದರೆ ಬ್ಯಾಟು ಹಿಡಿದು ನಿಂತರೆ ಅವನ ಮುಖವೇ ಬೇರೆ. ಅವನ ಹಿಂದೆ ಅವನ ತಂದೆಯೂ ಹತ್ತಿದರು: ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಟವೆಲು. ಮೆಣಸಿನಕಾಯಿ ದಲಾಲಿಯ ಅಂಗಡಿಯವರು. ನನ್ನ ಪಕ್ಕದಲ್ಲೇ ಕುಳಿತರು.

"ಮಗಾ ಏನ್ ಆಡ್ತಾನೋ ಒಂದ್ಸಲ ಕಣ್ಣಿಂದ ನೋಡೋಣಂತ ಬಂದೀನ್ರಿ. ಇದರಾಗ ಗೆದ್ರ ಏನ್ ಸಿಗತೈತ್ರಿ, ಸರ?"

ಆ ದಿನ ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವವರು ಬರಲಿದ್ದರು. ಅದನ್ನು ಹೇಳಿದೆ. ಕ್ರೀಡಾ ಮೀಸಲಾತಿ, ರೈಲ್ವೆ ನೌಕರಿ, ಬ್ಯಾಂಕಿನ ನೌಕರಿ ಎಂದು ನಾನೇ ಆರಿಸುವವನೋ ಎಂಬಂತೆ ದೀರ್ಘವಾಗಿ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು.

ಆಮೇಲೆ ನಡೆದದ್ದು ಒಂದು ನಿಮಿಷದ ವ್ಯವಹಾರ. ನಮ್ಮ ಹುಡುಗ ಮೂವತ್ತು ದಾಟಿದ್ದ. ಚೆಂಡು ಅವನ ಬ್ಯಾಟಿಗೆ ಬಡಿದ ಸದ್ದು ಗಂಟೆಯಂತಿತ್ತು. ಎದುರು ಪಕ್ಷದವರು ಒಬ್ಬ ಎಡಗೈ ಬೌಲರನನ್ನು ತಂದರು. ಎಡಗೈಯವನ ಚೆಂಡು ಬಲಗೈ ದಾಂಡಿಗನಿಗೆ ಲೆಗ್ ಕಡೆಯಿಂದ ಓರೆಯಾಗಿ ಒಳಬರುವುದು ಸಹಜ. ಒಂದು ಚೆಂಡು ಹಾಗೆಯೇ ಬಂದು, ಮ್ಯಾಟಿನ ಮೇಲೆ ಪುಟಿದು, ನೇರವಾಗಿ ನಡುಗೂಟದ ಮುಂದೆ ಪ್ಯಾಡಿಗೆ ತಾಗಿತು. ಬೌಲರ್ ನನ್ನ ಕಡೆ ತಿರುಗಿ "ಹೌಝಾಟ್!" ಎಂದು ಕೂಗಿದ. ಹನ್ನೊಂದು ಜನ ಕೂಗಿದರು. ಬೇಲಿಯ ಹೊರಗಿದ್ದ ಅವರ ಕಾಲೇಜಿನ ಮುನ್ನೂರು ಜನರೂ ಕೂಗಿದರು.

ಚೆಂಡು ಎಲ್ಲಿ ನೆಲ ಮುಟ್ಟಿತು? ನಾನು ನೋಡಿದ್ದೆ. ಲೆಗ್ ಗೂಟದಿಂದ ಒಂದು ಗೇಣು ಹೊರಗೆ ಮುಟ್ಟಿತ್ತು. ಅದಕ್ಕೆ ಮಹತ್ವವಿದೆಯೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಕಾಲಿಗೆ ಬಿತ್ತು, ಕಾಲು ಗೂಟದ ಮುಂದಿತ್ತು, ಕಾಲಿಲ್ಲದಿದ್ದರೆ ಗೂಟಕ್ಕೆ ಬೀಳುತ್ತಿತ್ತು; ನನ್ನ ತಿಳಿವಳಿಕೆ ಅಷ್ಟೇ. ಅಜ್ಞಾನ ಮಾತ್ರವೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇನ್ನೊಂದು ಯೋಚನೆ ಸುಳಿಯಿತು: "ತನ್ನ ಹುಡುಗನನ್ನು ಉಳಿಸಿದ ಎಂದು ನಾಳೆ ಇವರೆಲ್ಲ ಆಡಿಕೊಳ್ಳುತ್ತಾರೆ." ಪಕ್ಷಪಾತವಿಲ್ಲದವನೆಂದು ಮುನ್ನೂರು ಜನರಿಗೆ ತೋರಿಸುವ ಅವಸರದಲ್ಲಿ ನನ್ನ ತೋರುಬೆರಳು ತಾನಾಗಿ ಮೇಲೆದ್ದಿತು.

ಹುಡುಗ ಅರೆಕ್ಷಣ ನನ್ನ ಮುಖ ನೋಡಿದ. ಬ್ಯಾಟು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಬೇಲಿಯ ಹತ್ತಿರ ಅವನ ತಂದೆ ಏನೋ ಕೇಳಿದರು, ಅವನು ಏನೋ ಹೇಳಿದ. ಮಧ್ಯಾಹ್ನದ ಊಟಕ್ಕೆ ಬಿಟ್ಟಾಗ ತಂದೆ ಅಲ್ಲಿರಲಿಲ್ಲ. ಆರಿಸುವವರು ಬೇರೆ ಇಬ್ಬರು ಹುಡುಗರ ಹೆಸರು ಬರೆದುಕೊಂಡು ಹೋದರು.

ಆ ರಾತ್ರಿ ಕಾಲೇಜಿನ ಕ್ರೀಡಾಕೋಣೆಯಿಂದ ತಂದಿದ್ದ ನಿಯಮಗಳ ಪುಸ್ತಕವನ್ನು ತೆರೆದೆ. ಪಂದ್ಯಕ್ಕೆ ಮೊದಲೇ ಓದಬೇಕಿತ್ತು ಎನ್ನುವಿರಿ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ತೆರೆಯುವ ವಿದ್ಯಾರ್ಥಿಗಳನ್ನು ಕುರಿತು ನಾನು ಆಡಿದ ಮಾತುಗಳೆಲ್ಲ ನನಗೂ ನೆನಪಾದುವು. 36ನೆಯ ನಿಯಮ, ಎಲ್‌ಬಿಡಬ್ಲ್ಯು. ಅದರಲ್ಲಿ ಸ್ಪಷ್ಟವಾಗಿತ್ತು: ಚೆಂಡು ನೆಲ ಮುಟ್ಟುವುದಾದರೆ ಗೂಟದಿಂದ ಗೂಟಕ್ಕೆ ಎಳೆದ ಗೆರೆಯೊಳಗೆ ಇಲ್ಲವೆ ಆಫ್ ಕಡೆಗೆ ಮುಟ್ಟಿರಬೇಕು. ಲೆಗ್ ಗೂಟದ ಹೊರಗೆ ಮುಟ್ಟಿದರೆ ಆಮೇಲೆ ಅದು ಎಲ್ಲಿಗೆ ತಾಗಲಿ, ಎಲ್ಲಿಗೇ ಹೋಗುತ್ತಿರಲಿ, ಔಟಲ್ಲ. ಆ ಕಡೆ ದಾಂಡಿಗನ ಬೆನ್ನಿನ ಕಡೆ. ಕಣ್ಣಿಗೆ ಸರಿಯಾಗಿ ಕಾಣದ ಕಡೆ. ಅಲ್ಲಿ ನೆಲ ಮುಟ್ಟಿದ ಚೆಂಡಿಗೂ ಔಟು ಕೊಟ್ಟರೆ ಬೌಲರುಗಳೆಲ್ಲ ದಿನವಿಡೀ ಅಲ್ಲೇ ಎಸೆಯುತ್ತ ಆಟವನ್ನೇ ಕೊಂದಾರೆಂದು ಬಲ್ಲವರು ಕಾರಣ ಹೇಳುತ್ತಾರೆ.

ಪಾಪಭೀತಿಯ ನಡುವೆಯೂ ಆ ಪುಸ್ತಕ ನನ್ನನ್ನು ಹಿಡಿಯಿತೆಂದು ಹೇಳಿದರೆ ನೀವು ನಗಬಹುದು. ನಾನು ವ್ಯಾಕರಣದ ಮನುಷ್ಯ. ಕೇಶಿರಾಜನ ಶಬ್ದಮಣಿದರ್ಪಣವನ್ನು ವರ್ಷ ವರ್ಷವೂ ಪಾಠ ಹೇಳಿದವನು. ಸೂತ್ರ, ವೃತ್ತಿ, ಪ್ರಯೋಗ, ನಿಯಮ ಹೇಳಿದ ಬೆನ್ನಿಗೇ ಅಪವಾದ: ಈ ಕ್ರಿಕೆಟ್ಟಿನ 42 ನಿಯಮಗಳಲ್ಲೂ ಅದೇ ಮನೋಧರ್ಮ. ಯಾವನೋ ಒಬ್ಬ ಚತುರ ನಿಯಮದ ಸಂದಿಯಲ್ಲಿ ನುಸುಳಿದ, ಆ ಸಂದಿಗೆ ಇನ್ನೊಂದು ವಾಕ್ಯ ತುರುಕಿದರು. ಆ ವಾಕ್ಯದಲ್ಲೂ ಸಂದಿ ಸಿಕ್ಕಿತು, ಮತ್ತೊಂದು ವಾಕ್ಯ. ಕಾಲನ್ನು ಕುರಿತ ಈ ನಿಯಮವನ್ನು 1774ರಲ್ಲಿ ಮೊದಲು ಬರೆದಾಗ ದಾಂಡಿಗ ಬೇಕೆಂದೇ ಕಾಲನ್ನು ಅಡ್ಡ ತಂದಿರಬೇಕೆಂದು ಇತ್ತಂತೆ. ಬೇಕೆಂದು ತಂದನೋ ಬೇಡವೆಂದು ತಂದನೋ ಅಂಪೈರಿಗೆ ಹೇಗೆ ತಿಳಿಯಬೇಕು? ಆ ಮಾತನ್ನು ಆಮೇಲೆ ತೆಗೆದರು. ಆಫ್ ಗೂಟದ ಹೊರಗೆ ನೆಲ ಮುಟ್ಟಿದ ಚೆಂಡಿಗೂ ಔಟು ಕೊಡಬಹುದೆಂದು 1935ರಲ್ಲಿ ಪರೀಕ್ಷೆಗೆಂದು ತಂದು 1937ರಲ್ಲಿ ನಿಯಮವನ್ನೇ ಮಾಡಿದರು. ಲೆಗ್ ಕಡೆಯ ಬಾಗಿಲನ್ನು ಮಾತ್ರ ಇಂದಿಗೂ ತೆರೆದಿಲ್ಲ.

ವ್ಯಾಕರಣದಲ್ಲಿ ವಿಕಲ್ಪವೆಂಬುದೊಂದಿದೆ: ಹೀಗೂ ಆಗಬಹುದು, ಹಾಗೂ ಆಗಬಹುದು, ಎರಡೂ ಸಾಧುವೇ. ಆಟದಲ್ಲಿ ವಿಕಲ್ಪ ಹೇಗೆ ಸಾಧ್ಯವೆಂದುಕೊಂಡಿದ್ದೆ. ಈಚೆಗೆ ಟೆಲಿವಿಷನ್ನಿನಲ್ಲಿ ಅದೂ ಬಂದಿದೆ. 1992ರಲ್ಲಿ ಡರ್ಬನ್ನಿನಲ್ಲಿ ತೆಂಡೂಲ್ಕರನನ್ನು ಚಿತ್ರ ನೋಡಿ ರನ್ ಔಟ್ ಎಂದು ಸಾರಿದಂದಿನಿಂದ ಮೈದಾನದ ಹೊರಗೂ ಒಬ್ಬ ಅಂಪೈರ್ ಕುಳಿತ. 2008ರಲ್ಲಿ ಶ್ರೀಲಂಕಾದಲ್ಲಿ ನಮ್ಮವರು ಆಡಿದ ಸರಣಿಯಿಂದ ಆಟಗಾರರೇ ಪುನರ್ವಿಮರ್ಶೆ ಕೇಳುವ ಪದ್ಧತಿ ಮೊದಲಾಯಿತು. ಚೆಂಡು ಗೂಟಕ್ಕೆ ಪೂರಾ ಬೀಳುತ್ತಿದ್ದರೆ ಔಟು, ಬೀಳದೆ ಹೋಗುತ್ತಿದ್ದರೆ ಔಟಲ್ಲ. ಅರ್ಧಕ್ಕಿಂತ ಕಡಿಮೆ ತಾಗುವಂತಿದ್ದರೆ? 'ಅಂಪೈರ್ಸ್ ಕಾಲ್'! ಅಂದರೆ ಮೊದಲು ಅವನು ಔಟೆಂದಿದ್ದರೆ ಔಟು, ಇಲ್ಲವೆಂದಿದ್ದರೆ ಇಲ್ಲ. ಅದೇ ಚೆಂಡು, ಅದೇ ಕಾಲು, ಎರಡೂ ಸಾಧು. ಜನ ಇದನ್ನು ಬಯ್ಯುತ್ತಾರೆ. ನನಗೋ ಕೇಶಿರಾಜನೇ ಬಂದು ಸೂತ್ರ ಬರೆದಷ್ಟು ಸಂತೋಷವಾಯಿತು.

ಆದರೆ ಎಲ್ಲಕ್ಕಿಂತ ನನ್ನನ್ನು ಕಾಡಿದ ನಿಯಮ ಬೇರೆ. ಈಗಿನ ಸಂಹಿತೆಯಲ್ಲಿ ಅದು 31ನೆಯದು. ಎದುರಾಳಿಗಳು ಕೇಳದೆ ಅಂಪೈರು ಯಾರನ್ನೂ ಔಟೆಂದು ಸಾರುವಂತಿಲ್ಲ. ಚೆಂಡು ಬ್ಯಾಟಿನ ಅಂಚು ಸವರಿಕೊಂಡು ಕೀಪರನ ಕೈಸೇರಿದ್ದನ್ನು ಅವನು ಕಣ್ಣಾರೆ ಕಂಡಿರಲಿ, ಕಿವಿಯಾರೆ ಕೇಳಿರಲಿ, "ಹೇಗೆ?" ಎಂದು ಯಾರೂ ಕೇಳದಿದ್ದರೆ ಕೈಕಟ್ಟಿ ನಿಲ್ಲಬೇಕು. ಮುಂದಿನ ಚೆಂಡಿಗಾಗಿ ಬೌಲರ್ ಓಡತೊಡಗಿದರೆ ಕೇಳುವ ಹಕ್ಕೂ ಮುಗಿಯಿತು. ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅವನಿಗೆ ಈಗ ಬೇಸ್‌ಬಾಲಿನ ಹುಚ್ಚು. ಅಲ್ಲಿಯೂ ಓಟಗಾರ ನಡುವಿನ ನೆಲೆಯನ್ನು ಮುಟ್ಟದೆ ದಾಟಿಹೋದರೆ ಅಂಪೈರು ಕಂಡೂ ಕಾಣದಂತೆ ನಿಲ್ಲುತ್ತಾನಂತೆ; ಎದುರಾಳಿಗಳು ಬಂದು ಕೇಳಿದರೆ ಮಾತ್ರ ಔಟು. ಅವನೇ ಇನ್ನೊಂದು ಚಮತ್ಕಾರ ಹೇಳಿದ. ಮೊದಲೆರಡು ನೆಲೆಗಳಲ್ಲಿ ಓಟಗಾರರಿದ್ದು, ಇಬ್ಬರು ಇನ್ನೂ ಔಟಾಗಿಲ್ಲದಾಗ, ದಾಂಡಿಗ ಹೊಡೆದ ಚೆಂಡು ಹತ್ತಿರದಲ್ಲೇ ಸುಲಭವಾಗಿ ಹಿಡಿಯುವಂತೆ ಆಕಾಶಕ್ಕೆ ಎದ್ದರೆ, ಹಿಡಿಯುವ ಮೊದಲೇ ದಾಂಡಿಗ ಔಟು. ಕೈಜಾರಿ ಬಿದ್ದರೂ ಔಟೇ. ಯಾಕೆಂದರೆ ಹಿಡಿಯುವವನು ಬೇಕೆಂದೇ ಬೀಳಿಸಿ, ಗೊಂದಲದಲ್ಲಿ ಸಿಕ್ಕ ಓಟಗಾರರಿಬ್ಬರನ್ನು ಔಟು ಮಾಡುತ್ತಿದ್ದನಂತೆ. 1895ರಲ್ಲಿ ಇದಕ್ಕೊಂದು ನಿಯಮ ಮಾಡಿದರು. ಫೋನಿನಲ್ಲಿ ಇದನ್ನು ತಿಳಿಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. "ಮಾಮಾ, ಎಲ್‌ಬಿಡಬ್ಲ್ಯು ಅಮೆರಿಕದವರಿಗೆ ತಿಳಿಸಿ ನೋಡು, ಆಮೇಲೆ ನಗು" ಎಂದ.

ನಮ್ಮ ಜಿಲ್ಲೆಯಲ್ಲಿ ದೀಪಾವಳಿಯ ಹೊತ್ತಿಗೆ ಹೋರಿ ಬೆದರಿಸುತ್ತಾರಲ್ಲ, ಅಲ್ಲಿ ಇಷ್ಟೆಲ್ಲ ತೊಡಕಿಲ್ಲ. ಕೊರಳಿನ ಕೊಬ್ಬರಿಸರ ಹರಿಯಿತೋ ಇಲ್ಲವೋ ಎಂಬುದಕ್ಕೆ ಊರಿಗೆ ಊರೇ ಅಂಪೈರು. ತೀರ್ಪು ನೂರು ಬರುತ್ತವೆ. ಹೋರಿ ಮಾತ್ರ ಯಾವುದಕ್ಕೂ ಕಾಯದೆ ಓಡಿಹೋಗಿರುತ್ತದೆ.

ತಪ್ಪು ಮಾಡಿದ ಅಂಪೈರಿಗೂ ಆ ಪುಸ್ತಕ ದಾರಿಯಿಟ್ಟಿದೆ. ಅವನು ಕೊಟ್ಟ ತೀರ್ಪನ್ನು ಬದಲಿಸಬಹುದು, ತಡಮಾಡದೆ ಬದಲಿಸಬೇಕು ಅಷ್ಟೆ. ಅದಕ್ಕೊಂದು ಸನ್ನೆಯೂ ಇದೆ: ಎರಡು ಕೈಗಳನ್ನು ಎದೆಯ ಮೇಲೆ ಅಡ್ಡ ತಂದು ಬಲಗೈಯಿಂದ ಎಡಹೆಗಲು, ಎಡಗೈಯಿಂದ ಬಲಹೆಗಲು ಮುಟ್ಟುವುದು. ಎದುರು ಪಕ್ಷದ ನಾಯಕ ದೊಡ್ಡಮನಸ್ಸು ಮಾಡಿದರೆ, ಅಂಪೈರಿನ ಒಪ್ಪಿಗೆ ಪಡೆದು ಕೇಳಿದ್ದನ್ನೇ ಹಿಂದೆಗೆದುಕೊಳ್ಳಬಹುದು. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರು ಮಾಡಿದ್ದು ಅದೇ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಮೇಲೆ ಸುವರ್ಣ ಮಹೋತ್ಸವದ ಟೆಸ್ಟು. ಅವರು ನಾಯಕರು. ಇಂಗ್ಲೆಂಡ್ 58ಕ್ಕೆ 5 ಕಳೆದುಕೊಂಡು ಒದ್ದಾಡುತ್ತಿದ್ದಾಗ ಬಂದ ಬಾಬ್ ಟೇಲರನನ್ನು ಕೀಪರನ ಕ್ಯಾಚಿಗೆ ಔಟೆಂದು ಅಂಪೈರ್ ಹನುಮಂತರಾಯರು ಸಾರಿದರು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆನ್ನಿಸಿತು. ಟೇಲರನನ್ನು ಹಿಂದಕ್ಕೆ ಕರೆಸಿದರು. ಅವನು ಬಾಥಮನೊಡನೆ ಸೇರಿ 171 ಓಟ ಕೂಡಿಸಿದ. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. 2023ರ ವಿಶ್ವಕಪ್ಪಿನಲ್ಲಿ ದಿಲ್ಲಿಯಲ್ಲಿ ಶ್ರೀಲಂಕಾದ ಮ್ಯಾಥ್ಯೂಸನ ಶಿರಸ್ತ್ರಾಣದ ಪಟ್ಟಿ ಹರಿದು ಅವನು ಹೊತ್ತು ಮೀರಿದಾಗ ಬಾಂಗ್ಲಾದ ನಾಯಕ ಕೇಳಿದ್ದನ್ನು ಹಿಂದೆಗೆಯಲಿಲ್ಲ. ನಿಯಮದಲ್ಲಿ ಅವನದು ತಪ್ಪಿಲ್ಲ. ಆದರೂ ಇಬ್ಬರಲ್ಲಿ ಯಾರ ಮನೆಗೆ ಚಹಾಕ್ಕೆ ಹೋಗುವಿರಿ ಎಂದು ಕೇಳಿದರೆ ನಾನು ಭದ್ರಾವತಿಯ ದಾರಿ ಹಿಡಿದೇನು.

ನನ್ನ ಸಂಗತಿಯಲ್ಲಿ ಎದುರು ಪಕ್ಷದ ನಾಯಕ ಹತ್ತೊಂಬತ್ತು ವರ್ಷದ ಹುಡುಗ. ಅವನಿಗೆ ಏಕೆ ಬೇಕಿತ್ತು? ಹೇಳಬೇಕಾದವನು ನಾನೇ. ಮರುದಿನ ಸೋಮವಾರ, ಎರಡನೆಯ ಪೀರಿಯಡ್ಡು ಅವನದೇ ತರಗತಿ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಹೇಳುವುದೆಂದು ಒಳಗೆ ಹೋದೆ, ಅರಿಸಮಾಸ ಹೇಳಿ ಹೊರಬಂದೆ. ಅವನು ಕೇಳಲಿಲ್ಲ; ಕೇಳದೆ ಹೇಳಬಾರದೆಂದು ನಿಯಮವೇ ಇದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮೂರನೆಯ ವರ್ಷಕ್ಕೆ ಅವನು ಬರಲಿಲ್ಲ. ಅಂಗಡಿ ಸೇರಿದನೆಂದು ಯಾರೋ ಹೇಳಿದರು.

ಕಳೆದ ಬೇಸಿಗೆಯಲ್ಲಿ ವರ್ಷದ ಖಾರದಪುಡಿಗೆಂದು ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದೆ. ಅರ್ಧ ಕಡ್ಡಿ, ಅರ್ಧ ಡಬ್ಬಿ ಎಂದು ಮನೆಯಿಂದ ಆಜ್ಞೆಯಾಗಿತ್ತು. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚನೆಯ ಮನ್ನಣೆ ದೊರೆತ ಸಂಗತಿ ನಿಮಗೆ ಗೊತ್ತೇ ಇದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಮಾರುಕಟ್ಟೆಯ ಒಂದು ಅಂಗಡಿಯ ಮುಂದೆ ನಿಂತು ಒಬ್ಬ ಯುವಕ ಹಿಡಿ ಕಾಯಿ ಎತ್ತಿ ಬೆಳಕಿಗೆ ತಿರುಗಿಸಿ, ಸುಕ್ಕು ನೋಡಿ, ಒಂದನ್ನು ಮುರಿದು ಬೀಜ ನೋಡಿ, ತಟ್ಟನೆ ದರ ಹೇಳುತ್ತಿದ್ದ. ಅನುಮಾನವೆಂಬುದು ಆ ಕೈಯಲ್ಲಿರಲಿಲ್ಲ. ಮೈ ತುಂಬಿಕೊಂಡಿದ್ದ, ಮೀಸೆ ಬಂದಿತ್ತು. ಅವನೇ ನನ್ನನ್ನು ಗುರುತಿಸಿದ.

"ಸರ! ಬರ್ರಿ, ಕುಂದರ್ರಿ. ಇಲ್ಲೆ ಹೆಂಗ್ ಬಂದ್ರಿ?"

ಕುಳಿತೆ. ಹೆಂಡಿರು ಮಕ್ಕಳು, ಮಳೆ, ದರ ಎಲ್ಲವೂ ಆಯಿತು. ಕಾಯಿ ತೂಗಲು ಹೇಳಿದ. ಇನ್ನು ಎದ್ದುಬಿಡಬಹುದಿತ್ತು. ಏನನ್ನಿಸಿತೋ, ಹೇಳಿಬಿಟ್ಟೆ.

"ರಾಣೆಬೆನ್ನೂರಾಗ ನಿನಗ ಎಲ್‌ಬಿ ಕೊಟ್ಟಿದ್ದೆ, ನೆನಪೈತೇನು? ಅದು ಔಟ್ ಇರಲಿಲ್ಲಪ್ಪ."

ಅವನು ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. "ಹೌದ್ರಿ. ಲೆಗ್ ಹೊರಗ ಬಿದ್ದಿತ್ತು."

"ಅವತ್ತ ನಿನಗ ಗೊತ್ತಿತ್ತು?"

"ಗೊತ್ತಿತ್ರಿ."

"ಮತ್ತ ಒಂದ್ ಮಾತ್ ಯಾಕ ಕೇಳಲಿಲ್ಲ?"

"ನೀವು ಸರ ಅಲ್ರಿ" ಎಂದ.

ಎಂಥ ಉತ್ತರ! ಇಪ್ಪತ್ತು ವರ್ಷ ಬೆಂಚುಗಳ ಮುಂದೆ ನಿಂತು "ಏನಾದರೂ ಸಂಶಯವಿದ್ದರೆ ಕೇಳಿ" ಎಂದು ಪ್ರತಿ ಪಾಠದ ಕೊನೆಗೆ ಹೇಳಿದ್ದೇನೆ. ಯಾರೂ ಕೇಳುವುದಿಲ್ಲ. ತಿಳಿಯಿತೆಂದು ಕೇಳುವುದಿಲ್ಲವೆಂದೇ ನನ್ನ ಎಣಿಕೆಯಾಗಿತ್ತು.

ಅವನು ತಕ್ಕಡಿಯ ಕಡೆ ನೋಡುತ್ತ ಹೇಳಿದ: "ನನಗೇನ್ ಇಲ್ರಿ ಸರ. ಅಪ್ಪ ಅವತ್ತ ಬೇಲಿ ಹತ್ರ 'ಔಟೇನೋ?' ಅಂತ ಕೇಳಿದ್ರು. ಹೌದು ಅಂದೆ. ನೀವ ಬೆರಳ ಎತ್ತೀರಿ ಅಂದಮ್ಯಾಲೆ ಇಲ್ಲ ಅಂತ ಹೆಂಗ್ ಅನ್ನೂದ್ರಿ? 'ಹಂಗಾದ್ರ ಸಾಕು ಬಾ, ಅಂಗಡ್ಯಾಗ ಮಂದಿ ಬೇಕಾಗ್ಯಾರ' ಅಂದ್ರು. ಅಷ್ಟ."

"ಅವರು ಈಗ?"

"ಒಳಗ ಅದಾರ. ಗಾದಿ ಮ್ಯಾಲೆ. ಹೇಳೂದಿದ್ರ ಹೇಳ್ರಿ" ಎಂದು, ಬಂದ ಗಿರಾಕಿಯ ಕಡೆ ತಿರುಗಿದ.

ಒಳಗೆ ಹೋದೆ. ಮುದುಕರು ಲೆಕ್ಕದ ಪುಸ್ತಕದ ಮುಂದೆ ಕುಳಿತಿದ್ದರು. ಟೊಪ್ಪಿಗೆ ಅದೇ, ಕಿವಿ ತುಸು ಮಂದವಾಗಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನು ಎಂದು ನೆನಪು ಮಾಡಿಕೊಟ್ಟೆ. ಕ್ರಿಕೆಟ್ ಅರಿಯದವರಿಗೆ ಲೆಗ್ ಗೂಟವನ್ನು ಹೇಗೆ ತಿಳಿಸುವುದು? ಗಾದಿಯ ಮೇಲಿದ್ದ ಮೂರು ಕಡ್ಡಿ ಕಾಯಿಗಳನ್ನು ಸಾಲಾಗಿ ಇಟ್ಟೆ. ಇವು ಗೂಟ. ಅವರ ತಟ್ಟೆಯಿಂದ ಒಂದು ಅಡಿಕೆ ತೆಗೆದುಕೊಂಡೆ. ಇದು ಚೆಂಡು. ಇಲ್ಲಿ ನೆಲ ಮುಟ್ಟಿ ಹೀಗೆ ಬಂದರೆ ಔಟು; ಇಲ್ಲಿ ಮುಟ್ಟಿದರೂ ಔಟು; ಈ ಕಡೆ, ಈ ಕಾಯಿಯ ಹೊರಗೆ ಮುಟ್ಟಿ ಬಂದರೆ, ಏನೇ ಆಗಲಿ, ಔಟಲ್ಲ. ಅವತ್ತು ಚೆಂಡು ಬಿದ್ದದ್ದು ಇಲ್ಲಿ. ನಾನು ಬೆರಳು ಎತ್ತಿದ್ದು ತಪ್ಪು.

ಅವರು ಬಹಳ ಹೊತ್ತು ಆ ಮೂರು ಕಾಯಿಗಳನ್ನೂ ಅಡಿಕೆಯನ್ನೂ ನೋಡಿದರು.

"ಅಂದ್ರ ಇವ ಔಟ್ ಆಗಿರಲಿಲ್ಲ."

"ಇರಲಿಲ್ರಿ."

"ಇವ ಹೌದು ಅಂದಿದ್ನಲ್ರಿ."

"ನಾ ಹೇಳಿದೆ ಅಂತ ಅವ ಅಂದಾನ್ರಿ."

"ನಿಮಗ ಇದು ಯಾವಾಗ ಗೊತ್ತಾತ್ರಿ?"

"ಅವತ್ತ ರಾತ್ರೀನ."

ಅವರು ಕನ್ನಡಕ ತೆಗೆದು ಟವೆಲಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಹೊರಗೆ ಮಗ ಯಾರಿಗೋ ದರ ಹೇಳುತ್ತಿದ್ದ; ಒಂದೇ ದರ, ಎರಡನೆಯ ಮಾತಿಲ್ಲ. ಮುದುಕರು ಆ ದನಿಯ ಕಡೆಗೆ ತಲೆ ತಿರುಗಿಸಿ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಅಡಿಕೆಯನ್ನು ತೆಗೆದು ತಟ್ಟೆಗೆ ಹಾಕಿದರು. ಮೂರು ಕಾಯಿಗಳನ್ನು ಮಾತ್ರ ಹಾಗೆಯೇ ಬಿಟ್ಟರು.

"ಏ ತಮ್ಮಾ, ಸರಗ ಚಹಾ ತರಸು" ಎಂದು ಮಗನನ್ನು ಕೂಗಿದರು.

ಚಹಾ ಕುಡಿದೆವು. ಬೇರೆ ಮಾತು ಬರಲಿಲ್ಲ. ಹೊರಗೆ ಬಂದಾಗ ಕಡ್ಡಿ ಎರಡು ಕಿಲೊ, ಡಬ್ಬಿ ಎರಡು ಕಿಲೊ ಕಟ್ಟಿಟ್ಟಿದ್ದ. ದುಡ್ಡು ಕೊಟ್ಟೆ. ಬೇಡವೆನ್ನುತ್ತಾನೇನೋ ಎಂದುಕೊಂಡಿದ್ದೆ, ಎಣಿಸಿ ತೆಗೆದುಕೊಂಡು, ಹತ್ತು ರೂಪಾಯಿ ಚಿಲ್ಲರೆ ಮರಳಿ ಕೊಟ್ಟ.